ಮೆಟ್ರಾಯ್ಡ್‌ವೇನಿಯ ಆಟಗಳಲ್ಲಿ ಅನ್ವೇಷಣೆಯ ಗತಿಯೂ ಸ್ಮೃತಿಭಾರವೂ

೧. ಉಪೋದ್ಘಾತ

ಪಾಣಿನೀಯ ವ್ಯಾಕರಣದಲ್ಲಿ ಒಂದು ಸೂತ್ರದಲ್ಲಿರುವ ಪದವು ಬೇರೆ ಸೂತ್ರಗಳಿಗೂ ಅನ್ವಯಿಸುವ ಕ್ರಮವನ್ನು ವೈಯಾಕರಣರು ಮೂರು ಬಗೆಯಾಗಿ ವಿಂಗಡಿಸುವರು. ಎಡೆಬಿಡದೆ ಮುಂದುಮುಂದಕ್ಕೆ ಹರಿಯುವುದು ಗಂಗಾಸ್ರೋತವು. ಸಿಂಹವು ನಡೆನಡೆಯುತ್ತ ಕೊರಳನ್ನು ತಿರುಗಿಸಿ ಹಿಂದಣ ದಾರಿಯನ್ನು ನೋಡುವಂತೆ ನೋಡುವುದು ಸಿಂಹಾವಲೋಕಿತವು. ನಡುವಣ ಕೆಲವನ್ನು ಬಿಟ್ಟು ಕಪ್ಪೆಯಂತೆ ಹಾರುವುದು ಮಂಡೂಕಪ್ಲುತಿಯು. ಶಾಸ್ತ್ರಕ್ಕಾಗಿ ಹುಟ್ಟಿದ ಈ ಮೂರು ಹೆಸರುಗಳು, ನಿನ್ನೆ ಮೊನ್ನೆ ಹುಟ್ಟಿದ ಒಂದು ಕಲೆಯ ಇತಿಹಾಸವನ್ನು ವಿವರಿಸುವುದಕ್ಕೂ ಒದಗಿಬರುವುವು. ಆ ಕಲೆಯು ವಿಡಿಯೋ ಆಟವೆಂಬುದು. ಅದರಲ್ಲಿಯೂ ಮೆಟ್ರಾಯ್ಡ್‌ವೇನಿಯವೆಂದು ಪ್ರಸಿದ್ಧವಾದ ಪ್ರಭೇದವು.

ಮೆಟ್ರಾಯ್ಡ್‌ವೇನಿಯ ಎಂಬುದು ಎರಡು ಹೆಸರುಗಳ ಬೆಸುಗೆ. ನಿಂಟೆಂಡೋ ಸಂಸ್ಥೆಯ ‘ಮೆಟ್ರಾಯ್ಡ್’ ಎಂಬುದರ ಪೂರ್ವಭಾಗಕ್ಕೆ ಕೊನಾಮಿ ಸಂಸ್ಥೆಯ ‘ಕ್ಯಾಸಲ್‌ವೇನಿಯ’ ಎಂಬುದರ ಉತ್ತರಭಾಗವು ಸೇರಿ ಈ ಪದವಾಯಿತು. ಮೊದಲು ಇದು ಕ್ಯಾಸಲ್‌ವೇನಿಯ ಮಾಲಿಕೆಯಲ್ಲಿ ಅನ್ವೇಷಣೆಯೇ ಪ್ರಧಾನವಾಗಿದ್ದ ಕೆಲವು ಆಟಗಳಿಗೆ ಮಾತ್ರ ಸಲ್ಲುತ್ತಿದ್ದಿತು. ಅಮೆರಿಕದ ಪತ್ರಿಕಾಲೇಖಕರಾದ ಜೆರೆಮಿ ಪ್ಯಾರಿಶ್ ಎಂಬವರು ಇದನ್ನು ಬಹಳವಾಗಿ ಪ್ರಚಾರಕ್ಕೆ ತಂದರು. ಆದರೂ ಪದವನ್ನು ಹುಟ್ಟಿಸಿದವರು ತಾವಲ್ಲವೆಂದು ಅವರೇ ಹೇಳಿರುವರು. ಈಗ ಇದರ ಅರ್ಥವು ವ್ಯಾಪಕವಾಗಿದೆ. ಕವಲೊಡೆದು ಒಂದಕ್ಕೊಂದು ಹೆಣೆದುಕೊಂಡ ಒಂದೇ ಲೋಕ. ಅದರಲ್ಲಿ ಅಲ್ಲಲ್ಲಿ ದಾಟಲಾಗದ ತಡೆಗಳು. ಆ ತಡೆಗಳನ್ನು ದಾಟಿಸುವ ಶಕ್ತಿಗಳು ಬೇರೆಡೆಗಳಲ್ಲಿ ಅಡಗಿರುವುದು. ಶಕ್ತಿಯನ್ನು ಪಡೆದ ಬಳಿಕ ಹಳೆಯ ತಡೆಯಿದ್ದೆಡೆಗೆ ಮರಳುವುದು. ಈ ನಾಲ್ಕು ಲಕ್ಷಣಗಳೂ ಕೂಡಿದ ಆಟವನ್ನು ಈ ಹೆಸರಿನಿಂದ ಕರೆಯುವರು.

ಇಂತಹ ಆಟಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಲೋಕದ ವಿಸ್ತಾರವನ್ನೂ ಶಕ್ತಿಗಳ ಸಂಖ್ಯೆಯನ್ನೂ ಎಣಿಸಿ ಹೇಳುವುದುಂಟು. ಆದರೆ ಇಲ್ಲಿ ಮುಖ್ಯವಾಗಿ ವಿಚಾರಣೀಯವಾದುದು ಗತಿ. ತಡೆಯನ್ನು ಕಂಡ ಕ್ಷಣಕ್ಕೂ ಅದನ್ನು ದಾಟುವ ಶಕ್ತಿ ದೊರೆತ ಕ್ಷಣಕ್ಕೂ ನಡುವೆ ಒಂದು ಅಂತರವುಂಟು. ಆ ಅಂತರದಲ್ಲಿ ತಡೆಯ ನೆನಪನ್ನು ಯಾರಾದರೂ ಹೊತ್ತಿರಬೇಕು. ಆಟಗಾರನು ಹೊರಬೇಕು, ಇಲ್ಲವೆ ಕಾಗದ ಹೊರಬೇಕು, ಇಲ್ಲವೆ ಯಂತ್ರ ಹೊರಬೇಕು. ಈ ಪ್ರಭೇದದ ನಾಲ್ಕು ದಶಕಗಳ ಇತಿಹಾಸವು ಹೆಚ್ಚಾಗಿ ಆ ಸ್ಮೃತಿಭಾರವು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಸರಿದ ಕಥೆಯೇ ಆಗಿದೆ ಎಂಬುದು ಮುಂದಿನ ನಿದರ್ಶನಗಳಿಂದ ವ್ಯಕ್ತವಾಗುವುದು. ಆಟಗಳು ಅಸಂಖ್ಯಾತವಾಗಿರುವುದರಿಂದ ಸ್ಥಾಲೀಪುಲಾಕನ್ಯಾಯವನ್ನು ಅನುಸರಿಸಿ ಕೆಲವನ್ನು ಮಾತ್ರ ಆರಿಸಿಕೊಳ್ಳಲಾಗಿದೆ.

೨. ಪೂರ್ವರೂಪಗಳು

ಗಂಗಾಸ್ರೋತಕ್ಕೆ ಶ್ರೇಷ್ಠವಾದ ಉದಾಹರಣೆಯು ೧೯೮೫ರಲ್ಲಿ ಜಪಾನಿನಲ್ಲಿ ಹೊರಬಂದ ‘ಸೂಪರ್ ಮಾರಿಯೊ ಬ್ರದರ್ಸ್’. ಇದರಲ್ಲಿ ತೆರೆಯು ಬಲಕ್ಕೆ ಮಾತ್ರ ಸರಿಯುವುದು. ಎಡಕ್ಕೆ ಮರೆಯಾದ ನೆಲವನ್ನು ಮತ್ತೆ ಕಾಣುವಂತಿಲ್ಲ. ಇಲ್ಲಿ ಗತಿಯೆಂದರೆ ಮುಂದಿನ ವಿಘ್ನವನ್ನು ಎಷ್ಟು ಬೇಗ ತಂದಿಡಬೇಕೆಂಬ ಪ್ರಶ್ನೆ ಮಾತ್ರ. ಹಿಂದಣದನ್ನು ನೆನೆಯುವ ಕೆಲಸವೇ ಇಲ್ಲದುದರಿಂದ ಸ್ಮೃತಿಭಾರವು ಬಹು ಸ್ವಲ್ಪ.

ಇದಕ್ಕೆ ಮುಂಚೆಯೇ, ೧೯೮೦ರ ಸುಮಾರಿಗೆ, ವಾರನ್ ರಾಬಿನೆಟ್ ಎಂಬವರು ಅಟಾರಿ ೨೬೦೦ ಯಂತ್ರಕ್ಕಾಗಿ ರಚಿಸಿದ ‘ಅಡ್ವೆಂಚರ್’ ಎಂಬ ಆಟದಲ್ಲಿ ಮುಂದೆಯೂ ಹಿಂದೆಯೂ ಸುತ್ತಾಡಬಹುದಾದ ಲೋಕವಿದ್ದಿತು. ಹಳದಿ, ಕಪ್ಪು, ಬಿಳಿ ಬಣ್ಣದ ಮೂರು ಕೋಟೆಗಳು. ಆಯಾ ಬಣ್ಣದ ಬೀಗದ ಕೈಗಳು. ಗೋಡೆಯನ್ನು ದಾಟಿಸುವ ಒಂದು ಸೇತುವೆ. ಆದರೆ ಆಟಗಾರನು ಒಂದು ಸಲಕ್ಕೆ ಒಂದೇ ವಸ್ತುವನ್ನು ಹೊತ್ತೊಯ್ಯಬಲ್ಲನು. ಬೀಗದ ಕೈಯನ್ನು ಹಿಡಿದವನು ಕತ್ತಿಯನ್ನು ಕೆಳಗಿಡಬೇಕು. ಎಂದರೆ ಇಲ್ಲಿ ದೊರೆತ ಸಾಧನವು ಆಟಗಾರನ ಕೈಯಲ್ಲಿರುವುದೇ ಹೊರತು ಅವನ ದೇಹಕ್ಕೆ ಸೇರಿದ ಶಕ್ತಿಯಾಗುವುದಿಲ್ಲ.

೧೯೮೬ರ ಫೆಬ್ರವರಿಯಲ್ಲಿ ನಿಂಟೆಂಡೋ ಸಂಸ್ಥೆಯವರು ಫ್ಯಾಮಿಕಾಂ ಡಿಸ್ಕ್ ಸಿಸ್ಟಂ ಎಂಬ ಉಪಯಂತ್ರವನ್ನೂ ಅದರೊಡನೆ ‘ಜೆಲ್ಡಾ’ ಎಂಬ ಆಟವನ್ನೂ ಹೊರತಂದರು. ಈ ಯಂತ್ರದ ತಟ್ಟೆಗಳ ಮೇಲೆ ಬರೆಯಬಹುದಾಗಿದ್ದಿತು. ಆದುದರಿಂದ ಆಟಗಾರನು ಅರ್ಧಕ್ಕೆ ನಿಲ್ಲಿಸಿದ ಆಟವನ್ನು ಮರುದಿನ ಅಲ್ಲಿಂದಲೇ ಮುಂದುವರಿಸಲು ಅವಕಾಶವಾಯಿತು. ಇದು ಸಣ್ಣ ಸಂಗತಿಯಲ್ಲ. ಯಂತ್ರಕ್ಕೆ ನೆನಪಿಲ್ಲದಿರುವ ತನಕ ಆಟವು ಒಂದು ಕೂರಿಕೆಯಲ್ಲಿ ಮುಗಿಯಲೇಬೇಕು. ಒಂದು ಕೂರಿಕೆಯಲ್ಲಿ ಮುಗಿಯುವುದಕ್ಕೆ ಸಾವಧಾನವಾದ ಅನ್ವೇಷಣೆಯು ಒಗ್ಗದು. ‘ಜೆಲ್ಡಾ’ದ ಹೊರಲೋಕವು ಅಡ್ಡಲಾಗಿ ೧೬, ಉದ್ದಕ್ಕೆ ೮, ಒಟ್ಟು ೧೨೮ ತೆರೆಗಳಷ್ಟಿದ್ದಿತು. ತೆಪ್ಪ ದೊರೆತರೆ ನೀರನ್ನು ದಾಟಬಹುದು; ಏಣಿ ದೊರೆತರೆ ಒಂದು ಹೆಜ್ಜೆಯಗಲದ ಕಾಲುವೆಯನ್ನು ದಾಟಬಹುದು. ಮುಂದೆ ಬರುವ ಪ್ರಭೇದದ ಬೀಜವು ಇಲ್ಲಿಯೇ ಸ್ಪಷ್ಟವಾಗಿ ಕಾಣುವುದು. ಆದರೆ ನೆಲಮಾಳಿಗೆಗಳಿಗೆ ಒಂದರಿಂದ ಒಂಬತ್ತರವರೆಗೆ ಅಂಕಿಗಳಿದ್ದುದರಿಂದ ಕ್ರಮವು ಬಹುಮಟ್ಟಿಗೆ ಮೊದಲೇ ಸೂಚಿತವಾಗಿದ್ದಿತು.

೩. ‘ಮೆಟ್ರಾಯ್ಡ್’: ಎಡಕ್ಕೆ ತಿರುಗುವ ಪಾಠ

ಅದೇ ವರ್ಷದ ಆಗಸ್ಟ್ ೬ರಂದು ಅದೇ ಯಂತ್ರಕ್ಕಾಗಿ ‘ಮೆಟ್ರಾಯ್ಡ್’ ಹೊರಬಂದಿತು. ಗುನ್‌ಪೇ ಯೊಕೊಯಿ ಅವರ ಮೇಲ್ವಿಚಾರಣೆಯಲ್ಲಿ ನಿಂಟೆಂಡೋ ಸಂಸ್ಥೆಯ ಮೊದಲನೆಯ ಸಂಶೋಧನ ವಿಭಾಗದವರು ಇದನ್ನು ರಚಿಸಿದರು. ಯೋಶಿಯೊ ಸಕಮೊಟೊ, ಹಿರೋಜಿ ಕಿಯೊಟಾಕೆ ಮೊದಲಾದವರು ಇದರಲ್ಲಿ ದುಡಿದರು. ಕಥಾನಾಯಕಿಯು ಸೇಮಸ್ ಅರಾನ್. ಸ್ಥಳವು ಜೀಬಸ್ ಎಂಬ ಗ್ರಹದ ಒಡಲು.

ಈ ಆಟದ ಮೊದಲನೆಯ ತೆರೆಯು ಪ್ರಭೇದದ ಸೂತ್ರಪ್ರಾಯವಾಗಿದೆ. ಆಟ ತೊಡಗಿದಾಗ ಆಟಗಾರನು ರೂಢಿಯಂತೆ ಬಲಕ್ಕೆ ನಡೆಯುವನು. ಸ್ವಲ್ಪ ದೂರದಲ್ಲಿಯೇ ನಿಂತುಕೊಂಡು ನುಸುಳಲಾಗದ ತಗ್ಗು ಕಿಂಡಿಯು ಎದುರಾಗುವುದು. ಆಗ ಮರಳಿ ಬಂದು, ಹೊರಟ ಸ್ಥಳದ ಎಡಗಡೆಗೆ ಹೋದರೆ, ದೇಹವನ್ನು ಚೆಂಡಿನಂತೆ ಮಡಿಚಿ ಉರುಳುವ ಶಕ್ತಿಯು ದೊರೆಯುವುದು. ಆ ಶಕ್ತಿಯೊಡನೆ ಮತ್ತೆ ಬಲಕ್ಕೆ ಹೋದರೆ ಕಿಂಡಿಯು ದಾರಿಯಾಗುವುದು. ಒಂದಕ್ಷರದ ಉಪದೇಶವೂ ಇಲ್ಲದೆ ಮೂರು ಅಂಶಗಳು ಇಲ್ಲಿ ಬೋಧಿತವಾಗುವುವು: ತಡೆಯು ಸೋಲಲ್ಲ, ಹಿಂದಿರುಗುವುದು ಹಿಂಜರಿಯುವುದಲ್ಲ, ಕಂಡದ್ದನ್ನು ನೆನಪಿಡಬೇಕು. ಮಾರಿಯೊವಿನ ಗಂಗಾಸ್ರೋತವನ್ನು ಸಿಂಹಾವಲೋಕಿತವು ಕೇವಲ ಕೆಲವು ಹೆಜ್ಜೆಗಳ ಅಂತರದಲ್ಲಿ ಪಲ್ಲಟಗೊಳಿಸಿತು.

ಇಲ್ಲಿ ಒಂದು ಶಂಕೆಯು ಏಳಬಹುದು. ಬೀಗಕ್ಕೆ ಬೀಗದ ಕೈ ಹೇಗೋ ತಡೆಗೆ ಶಕ್ತಿಯೂ ಹಾಗೆಯೇ ಅಲ್ಲವೆ? ಹಾಗಿದ್ದಲ್ಲಿ ‘ಅಡ್ವೆಂಚರ್’ಗಿಂತ ಇದರಲ್ಲಿ ವಿಶೇಷವೇನು? ಸಮಾಧಾನವು ಹೀಗೆ. ಬೀಗದ ಕೈಯು ಬಾಗಿಲನ್ನು ತೆರೆದಲ್ಲಿಗೆ ಕೃತಾರ್ಥವಾಗುವುದು. ದೇಹಕ್ಕೆ ಸೇರಿದ ಶಕ್ತಿಯು ಹಾಗಲ್ಲ. ಅದು ಹೊಸ ನೆಲವನ್ನು ತೆರೆಯುವುದಲ್ಲದೆ ಹಳೆಯ ನೆಲದಲ್ಲಿ ನಡೆಯುವ ರೀತಿಯನ್ನೂ ಮಾರ್ಪಡಿಸುವುದು. ‘ಮೆಟ್ರಾಯ್ಡ್’ನ ಹಿಮಕಿರಣವೆಂಬ ಆಯುಧವನ್ನು ನೋಡಬಹುದು. ಅದು ಶತ್ರುವನ್ನು ಹೆಪ್ಪುಗಟ್ಟಿಸುವುದು. ಹೆಪ್ಪುಗಟ್ಟಿದ ಶತ್ರುವಿನ ಮೇಲೆ ಕಾಲೂರಿ ಎತ್ತರಕ್ಕೆ ಏರಬಹುದು. ಕೊನೆಯಲ್ಲಿ ಬರುವ ಮೆಟ್ರಾಯ್ಡ್ ಎಂಬ ಜೀವಿಗಳನ್ನು ಕೊಲ್ಲುವುದಕ್ಕೂ ಅದು ಬೇಕು. ಹೊಸ್ತಿಲ ಮೇಲಿಟ್ಟ ದೀಪವು ಒಳಕ್ಕೂ ಹೊರಕ್ಕೂ ಬೆಳಗುವಂತೆ, ಒಂದೇ ಸಾಧನವು ಯುದ್ಧಕ್ಕೂ ಸಂಚಾರಕ್ಕೂ ಒದಗುವುದು. ಈ ದೇಹಲೀದೀಪನ್ಯಾಯವೇ ಈ ಪ್ರಭೇದದ ಶಕ್ತಿಗಳಿಗೂ ಬರಿಯ ಬೀಗದ ಕೈಗಳಿಗೂ ಇರುವ ಭೇದವು.

ಆದರೆ ‘ಮೆಟ್ರಾಯ್ಡ್’ನಲ್ಲಿ ನಕ್ಷೆಯಿರಲಿಲ್ಲ. ಒಂದರಂತೆಯೇ ತೋರುವ ಕೊಳವೆಗಳೂ ಓಣಿಗಳೂ ಬಹಳವಾಗಿದ್ದುವು. ಕಂಡ ತಡೆಗಳನ್ನೆಲ್ಲ ನೆನಪಿಡುವ ಭಾರವು ಪೂರ್ತಿಯಾಗಿ ಆಟಗಾರನ ಮೇಲೆಯೇ ಬಿದ್ದಿತು. ಆಡುವವರು ಕಾಗದದ ಮೇಲೆ ತಾವೇ ನಕ್ಷೆ ಬರೆದುಕೊಳ್ಳುತ್ತಿದ್ದರು. ೧೯೮೭ರಲ್ಲಿ ಅಮೆರಿಕದಲ್ಲಿ ಇದು ಕಾರ್ಟ್ರಿಜ್ ರೂಪದಲ್ಲಿ ಪ್ರಕಟವಾದಾಗ ಬರೆಯಬಲ್ಲ ತಟ್ಟೆಯೂ ಇಲ್ಲವಾಗಿ, ಅದರ ಬದಲಿಗೆ ೨೪ ಅಕ್ಷರಗಳ ಸಂಕೇತಪದವು ಬಂದಿತು. ಎಂದರೆ ಯಂತ್ರವು ತನ್ನ ನೆನಪನ್ನು ಸಹ ಕಾಗದಕ್ಕೆ ಒಪ್ಪಿಸಿತು. ಇಷ್ಟಾದ ಮೇಲೆ ಆಟವು ತಡಮಾಡದೆ ಮುಗಿಸಿದವರಿಗೆ ಮಾತ್ರ ಉತ್ತಮವಾದ ಸಮಾಪ್ತಿಯನ್ನು ತೋರಿಸುತ್ತಿದ್ದಿತು. ಅಲೆದಾಡುವಂತೆ ಕಟ್ಟಿದ ಲೋಕವು ಬೇಗ ಬಾ ಎಂದೂ ಹೇಳಿದಂತಾಯಿತು. ಈ ವಿರೋಧವು ಮುಂದೆ ಫಲವತ್ತಾಗುವುದನ್ನು ಕಾಣಬಹುದು.

೪. ಎರಡು ಅತಿರೇಕಗಳು

ಗತಿಯು ಕೆಡುವ ಬಗೆಗಳು ಎರಡು. ಸುಳಿವೇ ಇಲ್ಲದಿರುವುದೊಂದು, ಅಲೆಯಲು ಎಡೆಯೇ ಇಲ್ಲದಿರುವುದು ಮತ್ತೊಂದು. ಎರಡಕ್ಕೂ ಆರಂಭಕಾಲದಲ್ಲಿಯೇ ನಿದರ್ಶನಗಳುಂಟು.

ಮೊದಲನೆಯದಕ್ಕೆ ೧೯೮೭ರಲ್ಲಿ ಕೊನಾಮಿ ಸಂಸ್ಥೆಯವರು ಹೊರತಂದ ಕ್ಯಾಸಲ್‌ವೇನಿಯ ಮಾಲಿಕೆಯ ಎರಡನೆಯ ಆಟವಾದ ‘ಸೈಮನ್ಸ್ ಕ್ವೆಸ್ಟ್’ ಉದಾಹರಣೆ. ಇದರಲ್ಲಿ ಒಂದು ಬೆಟ್ಟದ ಬುಡದಲ್ಲಿ ದಾರಿಯು ಕೊನೆಗಾಣುವುದು. ಅಲ್ಲಿ ಕೆಂಪು ಸ್ಫಟಿಕವನ್ನು ಕೈಯಲ್ಲಿ ಧರಿಸಿ ಸ್ವಲ್ಪ ಹೊತ್ತು ಮಂಡಿಯೂರಿ ಕುಳಿತರೆ ಸುಂಟರಗಾಳಿಯು ಬಂದು ಎತ್ತಿಕೊಂಡು ಹೋಗುವುದು. ಕಣ್ಣಿಗೆ ಕಾಣುವ ಸ್ಥಳದಲ್ಲಿ ಇದಕ್ಕೆ ಯಾವ ಲಿಂಗವೂ ಇಲ್ಲ. ಊರ ಜನರ ಮಾತುಗಳಲ್ಲಿ ಹಲವು ದಾರಿತಪ್ಪಿಸುವಂಥವು. ಧೂಮವನ್ನು ಕಂಡು ಅಗ್ನಿಯನ್ನು ಊಹಿಸಬಹುದು. ಧೂಮವೇ ಇಲ್ಲದೆಡೆ ಊಹಿಸೆಂದರೆ ಅದು ಅನುಮಾನವಾಗದು, ಬರಿಯ ಅದೃಷ್ಟವಾಗುವುದು. ಆಟಗಾರನು ಇಲ್ಲಿ ನಿಲ್ಲುವುದು ಮರೆವಿನಿಂದಲ್ಲ, ನೆನಪಿಡುವುದಕ್ಕೆ ಏನನ್ನೂ ಕೊಡದಿರುವುದರಿಂದ.

ಎರಡನೆಯದಕ್ಕೆ ೧೯೯೧ರಲ್ಲಿ ಗೇಂ ಬಾಯ್ ಎಂಬ ಕೈಯಂತ್ರಕ್ಕಾಗಿ ಬಂದ ‘ಮೆಟ್ರಾಯ್ಡ್ ೨’. ಅದರ ಚಿಕ್ಕ ತೆರೆಯಲ್ಲಿ ಬಣ್ಣಗಳಿರಲಿಲ್ಲ. ದಾರಿ ತಪ್ಪುವುದು ಸುಲಭ. ಆದುದರಿಂದ ನಿರ್ಮಾತೃಗಳು ಬೇರೊಂದು ಉಪಾಯವನ್ನು ಹೂಡಿದರು. ತೆರೆಯ ಅಂಚಿನಲ್ಲಿ ಉಳಿದಿರುವ ಮೆಟ್ರಾಯ್ಡ್‌ಗಳ ಸಂಖ್ಯೆಯು ೩೯ ಎಂದು ತೋರುವುದು. ಒಂದೊಂದು ವಲಯದಲ್ಲಿ ಗೊತ್ತಾದಷ್ಟನ್ನು ಕೊಂದ ಕೂಡಲೆ ನೆಲ ನಡುಗಿ, ದಾರಿಯನ್ನು ಮುಚ್ಚಿದ್ದ ಸುಡುವ ದ್ರವವು ಇಳಿಯುವುದು. ಲೋಕದ ವಿಕಾಸವು ಕಣ್ಣಿಗೆ ಕಾಣುವಂತೆ, ಎಣಿಸುವಂತೆ ಆಯಿತು. ಆದರೆ ಹಿಂದಣ ವಲಯಕ್ಕೆ ಮರಳಬೇಕಾದ ಪ್ರಯೋಜನವು ಬಹುಮಟ್ಟಿಗೆ ಹೋಯಿತು. ಮಡುವಿನಿಂದ ಮಡುವಿಗೆ ಇಳಿಯುವ ನೀರಿನಂತೆ, ಹೊರಗೆ ಸಿಂಹಾವಲೋಕಿತದ ವೇಷವಿದ್ದರೂ ಒಳಗೆ ಗಂಗಾಸ್ರೋತವೇ ನಡೆಯಿತು.

೫. ‘ಸೂಪರ್ ಮೆಟ್ರಾಯ್ಡ್’: ಸಮತೋಲನ

೧೯೯೪ರ ಮಾರ್ಚ್ ೧೯ರಂದು ಜಪಾನಿನಲ್ಲಿ ಪ್ರಕಟವಾದ ‘ಸೂಪರ್ ಮೆಟ್ರಾಯ್ಡ್’ ಈ ಎರಡು ಅತಿರೇಕಗಳ ನಡುವಣ ದಾರಿಯನ್ನು ಹಿಡಿಯಿತು. ಸಕಮೊಟೊ ಅವರ ನಿರ್ದೇಶನದಲ್ಲಿ ರಚಿತವಾದ ಇದು ೨೪ ಮೆಗಾಬಿಟ್ ಪ್ರಮಾಣದ ಕಾರ್ಟ್ರಿಜ್‌ನಲ್ಲಿ ಬಂದಿತು. ಆ ಕಾಲಕ್ಕೆ ಅದು ದೊಡ್ಡದು. ಆದರೆ ಇದರ ಹಿರಿಮೆಯು ಗಾತ್ರದಿಂದ ಬಂದುದಲ್ಲ, ವ್ಯವಸ್ಥೆಯಿಂದ ಬಂದುದು.

ಸೇಮಸ್ ಜೀಬಸ್ ಗ್ರಹಕ್ಕೆ ಮರಳಿ ಬಂದಿಳಿದಾಗ ಮೊದಲನೆಯ ಆಟದ ಪಾಳುಬಿದ್ದ ನೆಲೆಗಳ ಮೂಲಕವೇ ಆಳಕ್ಕೆ ಇಳಿಯುವಳು. ಅಲ್ಲಿ ಶತ್ರುಗಳಿಲ್ಲ, ಸದ್ದಿಲ್ಲ. ಉರುಳುವ ಶಕ್ತಿಯನ್ನು ಪಡೆದು ಅದೇ ದಾರಿಯಲ್ಲಿ ಮರಳುವಾಗ ಆ ನಿರ್ಜನ ಸ್ಥಳದಲ್ಲಿ ಶತ್ರುಗಳು ಎದುರಾಗುವರು. ದಾರಿಯು ಅದೇ, ಲೋಕವು ಬೇರೆ. ಮರಳುವಿಕೆಯು ಪುನರುಕ್ತಿದೋಷವಾಗದಂತೆ ಅದಕ್ಕೆ ಹೊಸ ಅರ್ಥವನ್ನು ಕೊಟ್ಟುದು ಇಲ್ಲಿಯ ಮೊದಲನೆಯ ಗುಣ.

ಎರಡನೆಯದು ತಡೆಯನ್ನು ಮರೆಯಲಾಗದಂತೆ ಮಾಡುವುದು. ಬ್ರಿನ್‌ಸ್ಟಾರ್ ವಲಯದಿಂದ ಮುಂದಕ್ಕೆ ಹೋಗುವ ದಾರಿಯಲ್ಲಿ ಒಂದು ಗಾಜಿನ ಕೊಳವೆಯುಂಟು. ಅದರ ಹೊರಗೆ ನೀರು ತುಂಬಿದ ಮತ್ತೊಂದು ವಲಯವು ಕಾಣುವುದು. ಆಟಗಾರನು ಅದರೊಳಗೆ ಹಾದುಹೋಗುವನು, ಹೊರಗೆ ನೋಡುವನು, ಆದರೆ ಅಲ್ಲಿಗೆ ಹೋಗಲಾರನು. ಎಷ್ಟೋ ಹೊತ್ತಿನ ಬಳಿಕ ಪ್ರಬಲವಾದ ಬಾಂಬು ದೊರೆತಮೇಲೆ ಆ ಕೊಳವೆಯಲ್ಲಿಯೇ ಅದನ್ನು ಸಿಡಿಸಿದರೆ ಗಾಜು ಒಡೆದು ದಾರಿಯಾಗುವುದು. ಯಾರೂ ಹೀಗೆ ಮಾಡೆಂದು ಹೇಳುವುದಿಲ್ಲ. ಗಾಜು ಒಡೆಯತಕ್ಕ ವಸ್ತುವೆಂಬುದು ಲೋಕಾನುಭವದಿಂದ ಸಿದ್ಧ. ಕೊಳವೆಯು ಎಲ್ಲಿಯೂ ಕಾಣದ ವಿಚಿತ್ರವಾದುದರಿಂದ ಮನಸ್ಸಿನಲ್ಲಿ ನಿಂತಿರುವುದು. ಹೀಗೆ ನೆನಪೂ ಊಹೆಯೂ ಕೂಡಿ ಆಟಗಾರನು ತಾನೇ ಕಂಡುಕೊಂಡೆನೆಂಬ ಸಂತೋಷವನ್ನು ಪಡೆಯುವನು. ‘ಸೈಮನ್ಸ್ ಕ್ವೆಸ್ಟ್’ನ ಬೆಟ್ಟಕ್ಕೂ ಈ ಗಾಜಿಗೂ ಇರುವ ಅಂತರವೇ ಒಗಟಿಗೂ ಮುಚ್ಚುಮರೆಗೂ ಇರುವ ಅಂತರ.

ಮೂರನೆಯದು ಭಾರವನ್ನು ಹಂಚಿಕೊಂಡುದು. ಈ ಆಟದಲ್ಲಿ ನಡೆದೆಡೆಯೆಲ್ಲ ತಾನಾಗಿ ದಾಖಲಾಗುವ ನಕ್ಷೆಯಿದೆ. ಕೋಣೆಗಳ ಆಕಾರವನ್ನು ಯಂತ್ರವು ನೆನಪಿಡುವುದು. ಆ ಕೋಣೆಗಳಲ್ಲಿ ಕಂಡ ತಡೆಗಳ ಸ್ವರೂಪವನ್ನು ಆಟಗಾರನು ನೆನಪಿಡಬೇಕು. ಎಲ್ಲಿ ಎಂಬುದು ಯಂತ್ರದ ಪಾಲು, ಏನು ಮತ್ತು ಏಕೆ ಎಂಬುದು ಮನುಷ್ಯನ ಪಾಲು. ಈ ವಿಭಾಗವೇ ಮುಂದಿನ ಬಹುಪಾಲು ಆಟಗಳಿಗೆ ಮಾದರಿಯಾಯಿತು.

ಇನ್ನೊಂದು ಸೂಕ್ಷ್ಮವಿದೆ. ಆಳವಾದ ಬಾವಿಯಂತಹ ಒಂದೆಡೆಯಲ್ಲಿ ಎಟಿಕೂನ್‌ಗಳೆಂಬ ಮೂರು ಪುಟ್ಟ ಪ್ರಾಣಿಗಳು ಗೋಡೆಯಿಂದ ಗೋಡೆಗೆ ಪುಟಿಯುತ್ತ ಮೇಲೇರುವುವು. ಅದನ್ನು ನೋಡಿ ಅನುಕರಿಸಿದರೆ ಸೇಮಸ್ ಕೂಡ ಹಾಗೆಯೇ ಏರಬಲ್ಲಳು. ಈ ಸಾಮರ್ಥ್ಯವು ಆಗ ದೊರೆತುದಲ್ಲ. ಆಟದ ಮೊದಲಿನಿಂದಲೂ ಅವಳಲ್ಲಿ ಇದ್ದೇ ಇದ್ದಿತು. ಇಲ್ಲದಿದ್ದುದು ಅರಿವು ಮಾತ್ರ. ವಸ್ತುವು ತೆರೆಯುವ ದಾರಿಗಳಲ್ಲದೆ ಜ್ಞಾನವೇ ತೆರೆಯುವ ದಾರಿಗಳೂ ಉಂಟೆಂಬುದನ್ನು ಈ ಮೂಕಪ್ರಾಣಿಗಳು ಕಲಿಸಿಕೊಟ್ಟುವು.

೬. ‘ಸಿಂಫನಿ ಆಫ್ ದಿ ನೈಟ್’: ಬೇರೊಂದು ವಂಶ

ಜಂಟಿ ಹೆಸರನ್ನು ಕೇಳಿದವರು ಎರಡು ಮಾಲಿಕೆಗಳಿಗೂ ಮೂಲವು ಒಂದೇ ಎಂದು ಭಾವಿಸುವುದು ಸಹಜ. ಆದರೆ ೧೯೯೭ರ ಮಾರ್ಚ್ ೨೦ರಂದು ಪ್ಲೇಸ್ಟೇಷನ್ ಯಂತ್ರಕ್ಕಾಗಿ ಬಂದ ಕ್ಯಾಸಲ್‌ವೇನಿಯ ಮಾಲಿಕೆಯ ‘ಸಿಂಫನಿ ಆಫ್ ದಿ ನೈಟ್’ ಎಂಬ ಆಟದ ಸಹನಿರ್ದೇಶಕರಾಗಿದ್ದ ಕೋಜಿ ಇಗಾರಶಿಯವರು, ತಮಗೆ ಪ್ರೇರಣೆಯಾದುದು ‘ಜೆಲ್ಡಾ’ವೆಂದು ಹೇಳಿರುವರು. ಅದಕ್ಕೆ ಹಿಂದಣ ಕ್ಯಾಸಲ್‌ವೇನಿಯ ಆಟಗಳನ್ನು ನಿಪುಣರಾದವರು ಬೇಗನೆ ಮುಗಿಸಿಬಿಡುತ್ತಿದ್ದರು. ಒಂದೇ ಆಟವು ಬಹುಕಾಲ ಆಡಲ್ಪಡಬೇಕೆಂಬುದು ಅವರ ಉದ್ದೇಶವಾಗಿದ್ದಿತು. ಆದುದರಿಂದ ಇವೆರಡು ಸೋದರರಲ್ಲ, ಒಂದೇ ಅಜ್ಜನ ಮನೆಯಿಂದ ಬೇರೆ ಬೇರೆ ದಾರಿಯಲ್ಲಿ ಬಂದ ದಾಯಾದಿಗಳೆನ್ನಬಹುದು.

ಗತಿಯ ರೀತಿಯೂ ಬೇರೆ. ಕಥಾನಾಯಕನಾದ ಅಲುಕಾರ್ಡನು ಉತ್ತಮವಾದ ಆಯುಧಗಳೊಡನೆ ಕೋಟೆಯನ್ನು ಹೊಕ್ಕು ಕೆಲವು ಕ್ಷಣಗಳ ಕಾಲ ಎದುರಿಲ್ಲದೆ ನಡೆಯುವನು. ಅಷ್ಟರಲ್ಲಿ ಮೃತ್ಯುವು ಪ್ರತ್ಯಕ್ಷನಾಗಿ ಅವೆಲ್ಲವನ್ನೂ ಕಸಿದುಕೊಳ್ಳುವನು. ಮುಂದೆ ದೊರೆಯಬೇಕಾದ ಬಲದ ರುಚಿಯನ್ನು ಮೊದಲೇ ತೋರಿಸಿ ಹಿಂತೆಗೆದುಕೊಂಡರೆ ಆಕಾಂಕ್ಷೆಯು ಹುಟ್ಟುವುದು. ಬಳಿಕ ಎತ್ತರಕ್ಕೆ ಎರಡನೆಯ ನೆಗೆತ, ಮಂಜಾಗಿ ಸರಳುಗಳ ನಡುವೆ ನುಸುಳುವುದು, ಬಾವಲಿಯಾಗಿ ಹಾರುವುದು ಮುಂತಾದ ಶಕ್ತಿಗಳು ಒಂದೊಂದಾಗಿ ಬರುವುವು. ಇವುಗಳ ಜೊತೆಗೆ ಶತ್ರುವಧೆಯಿಂದ ಅನುಭವಾಂಕಗಳು ಕೂಡಿ ನಾಯಕನ ಬಲವು ತಾನಾಗಿ ಏರುವುದು. ಇದರಿಂದ ಬರಿಗೈಯಲ್ಲಿ ಮರಳುವ ನಡಿಗೆಯೇ ಇಲ್ಲವಾಯಿತು. ಹಳೆಯ ಓಣಿಯಲ್ಲಿ ಹೋದರೂ ಏನಾದರೊಂದು ಲಾಭವುಂಟು. ಆದರೆ ದೋಷವೂ ಇದೆ. ಬಲವು ಹೆಚ್ಚಾದಂತೆ ವಿಘ್ನಗಳು ಹುಲ್ಲಾಗುವುವು. ಉತ್ತರಾರ್ಧದಲ್ಲಿ ಗತಿಯು ಸಡಿಲವಾಗುವುದು.

ಇದರ ಪ್ರಸಿದ್ಧವಾದ ಚಮತ್ಕಾರವು ತಲೆಕೆಳಗಾದ ಕೋಟೆ. ಒಂದು ಘಟ್ಟದಲ್ಲಿ ಎದುರಾಗುವ ವೀರನನ್ನು ಸುಮ್ಮನೆ ಕೊಂದರೆ ಆಟವು ಅಲ್ಲಿಗೇ ಮುಗಿಯುವುದು. ಗುಪ್ತವಾದುದನ್ನು ತೋರಿಸುವ ಕನ್ನಡಕವನ್ನು ಧರಿಸಿ, ಅವನನ್ನು ಆಡಿಸುತ್ತಿರುವವನನ್ನು ಹೊಡೆದರೆ, ಅದೇ ಕೋಟೆಯು ಬುಡಮೇಲಾಗಿ ಆಕಾಶದಲ್ಲಿ ತೋರುವುದು. ನಕ್ಷೆಯ ಪೂರ್ಣತೆಯು ನೂರಕ್ಕೆ ನಿಲ್ಲದೆ ೨೦೦.೬ ಪ್ರತಿಶತದವರೆಗೆ ಹೋಗುವುದು. ಹಿಂದಿರುಗಿ ನೋಡುವುದನ್ನು ಇಡೀ ಲೋಕಕ್ಕೆ ಏಕಕಾಲದಲ್ಲಿ ಅನ್ವಯಿಸಿದ ಸಿಂಹಾವಲೋಕಿತವಿದು. ತುಂಬುತ್ತಿರುವ ನಕ್ಷೆಯೇ ಇಲ್ಲಿ ಫಲವಾಯಿತು. ಸೇಮಸ್‌ಗೆ ನಕ್ಷೆಯು ಊರುಗೋಲು, ಅಲುಕಾರ್ಡನಿಗೆ ಅದು ಸಂಪತ್ತು.

೭. ಮಾರ್ಗದರ್ಶಕರ ಕಾಲ

೨೦೦೨ರ ನವೆಂಬರಿನಲ್ಲಿ ಅಮೆರಿಕದಲ್ಲಿ ಎರಡು ಮೆಟ್ರಾಯ್ಡ್ ಆಟಗಳು ಒಟ್ಟಿಗೆ ಹೊರಬಂದುವು. ಎರಡೂ ಸ್ಮೃತಿಭಾರವನ್ನು ಆಟಗಾರನಿಂದ ಇಳಿಸಲು ಯತ್ನಿಸಿದುವು. ಆದರೆ ಇಳಿಸಿದ ಪ್ರಮಾಣವು ಬೇರೆ ಬೇರೆ.

ಗೇಂ ಬಾಯ್ ಅಡ್ವಾನ್ಸ್ ಯಂತ್ರದ ‘ಮೆಟ್ರಾಯ್ಡ್ ಫ್ಯೂಷನ್’ನಲ್ಲಿ ಒಂದು ಕಂಪ್ಯೂಟರು ಮುಂದೆ ಎಲ್ಲಿಗೆ ಹೋಗಬೇಕೆಂದು ಆಜ್ಞಾಪಿಸಿ ನಕ್ಷೆಯಲ್ಲಿ ಗುರುತು ಮಾಡುವುದು, ಬಾಗಿಲುಗಳು ಹಂತಹಂತವಾಗಿ ತೆರೆಯುವುವು. ಕಥೆಗೆ ಇದರಿಂದ ಬಿಗಿಯು ಬಂದುದು ನಿಜ. ಅಡಿಗಡಿಗೆ ಭಯವನ್ನು ಹುಟ್ಟಿಸುವುದಕ್ಕೆ ಆಟಗಾರನು ಇಂತಹ ಹೊತ್ತಿನಲ್ಲಿ ಇಂತಹ ಕೋಣೆಯಲ್ಲಿ ಇರುವನೆಂಬ ನಿಶ್ಚಯವು ನಿರ್ಮಾತೃಗಳಿಗೆ ಬೇಕು. ಆದರೆ ಅಷ್ಟರ ಮಟ್ಟಿಗೆ ಅನ್ವೇಷಕನು ಆಜ್ಞಾಧಾರಕನಾದನು. ಟೆಕ್ಸಸ್ ಪ್ರಾಂತದ ರೆಟ್ರೊ ಸ್ಟುಡಿಯೋಸ್ ಎಂಬವರು ರಚಿಸಿದ ‘ಮೆಟ್ರಾಯ್ಡ್ ಪ್ರೈಂ’ ಮೂರು ಆಯಾಮಗಳ ಲೋಕವನ್ನು ತಂದುದು. ಅದರಲ್ಲಿ ಆಟಗಾರನು ಬಹಳ ಹೊತ್ತು ದಾರಿಗಾಣದೆ ಅಲೆದರೆ ಮಾತ್ರ ನಕ್ಷೆಯಲ್ಲಿ ಸುಳಿವು ತೋರುವುದು. ಅದೂ ಬೇಡವೆಂದವರು ಅದನ್ನು ನಿಲ್ಲಿಸಬಹುದು. ಕೇಳುವ ಮೊದಲೇ ಉತ್ತರ ಹೇಳುವ ಗುರುವಿಗೂ ಶಿಷ್ಯನು ದಣಿದುದನ್ನು ಕಂಡು ಹೇಳುವ ಗುರುವಿಗೂ ಇರುವ ತಾರತಮ್ಯವನ್ನು ಇವೆರಡರಲ್ಲಿ ಕಾಣಬಹುದು.

೨೦೦೪ರ ‘ಜೀರೊ ಮಿಷನ್’ ಮೊದಲನೆಯ ‘ಮೆಟ್ರಾಯ್ಡ್’ನ ಪುನಾರಚನೆ. ಇದರಲ್ಲಿ ಶಿಲಾಪ್ರತಿಮೆಗಳು ಮುಂದಿನ ಗುರಿಯನ್ನು ನಕ್ಷೆಯಲ್ಲಿ ಸೂಚಿಸುವುವು. ಗುರಿಯನ್ನು ಹೇಳುವುವೇ ಹೊರತು ದಾರಿಯನ್ನು ಹೇಳುವುದಿಲ್ಲ. ಮೊದಲು ದೊಡ್ಡ ನಕ್ಷತ್ರವನ್ನು ತೋರಿಸಿ ಅದರ ಬಳಿಯ ಚಿಕ್ಕದನ್ನು ಕಾಣಿಸುವ ಅರುಂಧತೀನ್ಯಾಯಕ್ಕೆ ಇದು ಹೊಂದುವುದು.

೮. ಮಂಡೂಕಪ್ಲುತಿ

ನಿರ್ಮಾತೃಗಳು ವಿಧಿಸಿದ ಕ್ರಮವನ್ನು ಆಟಗಾರರು ಉಲ್ಲಂಘಿಸುವುದೂ ಈ ಇತಿಹಾಸದ ಒಂದು ಭಾಗ. ಗೋಡೆಯಿಂದ ಗೋಡೆಗೆ ಪುಟಿಯುವ ವಿದ್ಯೆಯನ್ನು ಅರಿತವರು ‘ಸೂಪರ್ ಮೆಟ್ರಾಯ್ಡ್’ನಲ್ಲಿ ಎತ್ತರದ ನೆಗೆತದ ಪಾದರಕ್ಷೆಗಳಿಗಾಗಿ ಕಾಯಬೇಕಾಗಿಲ್ಲ, ನಡುವಣ ಘಟ್ಟಗಳನ್ನು ಬಿಟ್ಟು ಮುಂದಕ್ಕೆ ಹಾರಬಲ್ಲರು. ಮೂರು ಗಂಟೆಗಳೊಳಗೆ ಮುಗಿಸಿದವರಿಗೆ ಉತ್ತಮ ಸಮಾಪ್ತಿಯು ದೊರೆಯುವುದರಿಂದ ಇಂತಹ ಹಾರಿಕೆಗೆ ಪ್ರೋತ್ಸಾಹವೂ ಇದ್ದಿತು. ಅಲೆದಾಟಕ್ಕೂ ತ್ವರೆಗೂ ಮೊದಲೇ ಇದ್ದ ವಿರೋಧವು ಇಲ್ಲಿ ಫಲ ಕೊಟ್ಟಿತು: ಮೊದಲ ಸಲ ಸಿಂಹದಂತೆ ನಡೆದವನು ಎರಡನೆಯ ಸಲ ಕಪ್ಪೆಯಂತೆ ಹಾರುವನು.

ಇದು ಕ್ರಮಭಂಗವಾದುದರಿಂದ ದೋಷವಲ್ಲವೆ ಎಂದರೆ, ಅಲ್ಲ. ಕ್ರಮವನ್ನು ತಿಳಿಯದೆ ಮೀರುವುದು ಪ್ರಮಾದ. ತಿಳಿದು ಮೀರುವುದು ಅಧಿಕಾರ. ಹಾರುವವನು ಇಡೀ ಲೋಕವನ್ನು ಮನಸ್ಸಿನಲ್ಲಿ ಹೊತ್ತಿರಬೇಕು. ಸ್ಮೃತಿಭಾರವನ್ನು ಪೂರ್ತಿಯಾಗಿ ಹೊತ್ತವನಿಗೆ ಮಾತ್ರ ಹಾರಿಕೆಯು ಸಾಧ್ಯ. ಈ ತತ್ತ್ವವನ್ನು ನಿರ್ಮಾತೃಗಳೂ ಒಪ್ಪಿಕೊಂಡರು. ‘ಜೀರೊ ಮಿಷನ್’ನಲ್ಲಿ ನಿಪುಣರಿಗಾಗಿಯೇ ಗುಪ್ತಮಾರ್ಗಗಳನ್ನು ಇಟ್ಟಿದ್ದಾರೆ, ವಸ್ತುಗಳಲ್ಲಿ ಶೇಕಡ ೧೫ಕ್ಕೂ ಕಡಿಮೆಯನ್ನು ಮಾತ್ರ ಪಡೆದು ಮುಗಿಸಿದವರಿಗೆ ಬೇರೆ ಚಿತ್ರವನ್ನು ತೋರಿಸುವರು. ೨೦೨೧ರ ‘ಮೆಟ್ರಾಯ್ಡ್ ಡ್ರೆಡ್’ನಲ್ಲಿ ಬಾಂಬುಗಳನ್ನು ಕ್ರಮಕ್ಕೆ ಮುಂಚೆ ಸಂಪಾದಿಸಿದವನು ಕ್ರೇಡ್ ಎಂಬ ಮಹಾಶತ್ರುವನ್ನು ವಿಶೇಷವಾದ ಒಂದು ರೀತಿಯಲ್ಲಿ ಬೇಗನೆ ಕೊಲ್ಲಬಹುದು. ಉಲ್ಲಂಘನೆಯನ್ನು ಮೊದಲೇ ಊಹಿಸಿ ಅದಕ್ಕೆ ಮರ್ಯಾದೆಯನ್ನು ಇರಿಸಿದಂತಾಯಿತು.

೯. ಭಾರವು ಮರಳಿ ಬಂದುದು

ಆಸ್ಟ್ರೇಲಿಯದ ಅಡಿಲೇಡ್ ನಗರದ ಟೀಂ ಚೆರ್ರಿ ಎಂಬ ಚಿಕ್ಕ ತಂಡದವರು ೨೦೧೭ರ ಫೆಬ್ರವರಿಯಲ್ಲಿ ‘ಹಾಲೋ ನೈಟ್’ ಎಂಬ ಆಟವನ್ನು ಹೊರತಂದರು. ನಕ್ಷೆಯ ವಿಷಯದಲ್ಲಿ ಇದು ಮಾಡಿದ ವ್ಯವಸ್ಥೆಯು ಗಮನಾರ್ಹವಾದುದು. ಹೊಸ ವಲಯವನ್ನು ಹೊಕ್ಕಾಗ ನಕ್ಷೆಯಿರುವುದಿಲ್ಲ. ಎಲ್ಲಿಯೋ ಚೆದರಿದ ಕಾಗದಗಳೂ ಗುನುಗುವ ದನಿಯೂ ತೋರಿದರೆ, ಅವನ್ನು ಹಿಡಿದು ಹೋಗಿ ಕಾರ್ನಿಫರ್ ಎಂಬ ನಕ್ಷೆಗಾರನನ್ನು ಕಂಡು ಹಣ ತೆತ್ತು ನಕ್ಷೆಯನ್ನು ಕೊಳ್ಳಬೇಕು. ಅದೂ ಅಪೂರ್ಣವಾದುದು. ಉಳಿದುದನ್ನು ತುಂಬಲು ಗರಿಯ ಲೇಖನಿಯನ್ನು ಬೇರೆಯಾಗಿ ಕೊಳ್ಳಬೇಕು. ಆಮೇಲೆಯೂ ನಡೆದೆಡೆಗಳು ಕೂಡಲೆ ಮೂಡುವುದಿಲ್ಲ, ವಿಶ್ರಾಂತಿಯ ಬೆಂಚಿನ ಮೇಲೆ ಕುಳಿತಾಗ ಮಾತ್ರ ಮೂಡುವುವು. ತಾನು ಎಲ್ಲಿರುವೆನೆಂಬುದನ್ನು ನಕ್ಷೆಯಲ್ಲಿ ನೋಡಬೇಕಾದರೆ ದಿಕ್ಸೂಚಿಯ ತಾಯಿತವನ್ನು ಧರಿಸಬೇಕು. ಅದಕ್ಕಾಗಿ ಯುದ್ಧೋಪಯೋಗಿಯಾದ ಮತ್ತೊಂದು ತಾಯಿತದ ಸ್ಥಾನವನ್ನು ಬಿಟ್ಟುಕೊಡಬೇಕು.

ಎಂದರೆ ನೆನಪಿಗೆ ಇಲ್ಲಿ ಬೆಲೆಯನ್ನು ಕಟ್ಟಿದ್ದಾರೆ. ದಾರಿ ತಪ್ಪುವ ಭಯ, ನಕ್ಷೆಗಾರನ ದನಿ ಕೇಳಿದಾಗ ಆಗುವ ಸಮಾಧಾನ, ಬೆಂಚಿನ ಮೇಲೆ ಕುಳಿತಾಗ ದಾರಿಗಳು ಒಂದೊಂದಾಗಿ ಮೂಡುವ ತೃಪ್ತಿ, ಈ ಮೂರರ ಆವರ್ತನವೇ ಆಟದ ಗತಿಯಾಯಿತು. ೧೯೮೬ರ ಕತ್ತಲೆಯೂ ೧೯೯೪ರ ಬೆಳಕೂ ಒಂದೇ ವಲಯದೊಳಗೆ ಅನುಕ್ರಮವಾಗಿ ಬಂದುಹೋಗುವುವು.

೨೦೨೪ರ ಜನವರಿಯಲ್ಲಿ ಫ್ರಾನ್ಸಿನ ಮಾಂಪೆಲಿಯೆ ನಗರದಲ್ಲಿರುವ ಯೂಬಿಸಾಫ್ಟ್ ಶಾಖೆಯವರು ಪ್ರಕಟಿಸಿದ ‘ಪ್ರಿನ್ಸ್ ಆಫ್ ಪರ್ಷಿಯ: ದಿ ಲಾಸ್ಟ್ ಕ್ರೌನ್’ ಮತ್ತೊಂದು ಹೆಜ್ಜೆಯನ್ನಿಟ್ಟಿತು. ದಾಟಲ��ಗದ ತಡೆಯೊಂದನ್ನು ಕಂಡಾಗ ಆಟಗಾರನು ಆ ದೃಶ್ಯದ ಚಿತ್ರವನ್ನೇ ಹಿಡಿದು ನಕ್ಷೆಯಲ್ಲಿ ಅಂಟಿಸಬಹುದು. ಆದರೆ ಹಾಗೆ ಅಂಟಿಸಬಹುದಾದ ಚಿತ್ರಗಳಿಗೆ ಮಿತಿಯುಂಟು. ಯಾವುದು ನೆನಪಿಗೆ ಯೋಗ್ಯವೆಂಬುದನ್ನು ಯಂತ್ರವು ತೀರ್ಮಾನಿಸುವುದಿಲ್ಲ; ಅದನ್ನು ಮನುಷ್ಯನೇ ತೀರ್ಮಾನಿಸಬೇಕು. ತೀರ್ಮಾನಿಸಿದುದನ್ನು ಕಾಪಾಡುವುದಷ್ಟೆ ಯಂತ್ರದ ಕೆಲಸ. ಹಿಂದೆ ಆಟಗಾರನ ಮೇಜಿನ ಮೇಲಿದ್ದ ಕಾಗದವು ಹೀಗೆ ಆಟದೊಳಕ್ಕೇ ಬಂದಿತು. ಗುರಿಯನ್ನು ಸದಾ ತೋರಿಸುವ ಮತ್ತೊಂದು ವಿಧಾನವೂ ಅದರಲ್ಲಿದ್ದು, ಬೇಕಾದವರು ಆರಿಸಿಕೊಳ್ಳಬಹುದು.

೧೦. ಉಪಸಂಹಾರ

ಮೇಲೆ ಪರಿಶೀಲಿಸಿದ ನಿದರ್ಶನಗಳಿಂದ ಸಿದ್ಧವಾಗುವ ಅಂಶಗಳು ಇವು. ಮೊದಲನೆಯದಾಗಿ, ಅನ್ವೇಷಣೆಯ ಗತಿಯು ಲೋಕದ ವಿಸ್ತಾರವನ್ನು ಅವಲಂಬಿಸಿದುದಲ್ಲ. ತಡೆಗೂ ಸಾಧನಕ್ಕೂ ನಡುವಣ ಅಂತರವನ್ನು ಅವಲಂಬಿಸಿದುದು. ಅಂತರವು ಅತ್ಯಲ್ಪವಾದರೆ ಅದು ಬೀಗವನ್ನು ತೆರೆಯುವ ಕೆಲಸ ಮಾತ್ರ. ಅತಿಯಾದರೆ ತಡೆಯೇ ಮರೆತುಹೋಗುವುದು. ಎರಡನೆಯದಾಗಿ, ತಡೆಯು ಸಾಧನಕ್ಕೆ ಮುಂಚೆ ಕಾಣಬೇಕು. ಪ್ರಶ್ನೆಯು ಏಳುವ ಮೊದಲೇ ಉತ್ತರವನ್ನು ಕೊಟ್ಟರೆ ಅದು ಆಟಗಾರನಿಗೆ ಉತ್ತರವೆಂದೇ ತೋರದು. ಮೂರನೆಯದಾಗಿ, ಮರಳುವವನಿಗೆ ಹಳೆಯ ನೆಲವು ಹೊಸದಾಗಿ ತೋರಬೇಕು. ಇಲ್ಲವಾದರೆ ಸಿಂಹಾವಲೋಕಿತವು ಬರಿಯ ಪುನರುಕ್ತಿಯಾಗುವುದು. ನಾಲ್ಕನೆಯದಾಗಿ, ಸ್ಮೃತಿಭಾರವನ್ನು ಹಂಚುವುದು ಯುಕ್ತ, ಪೂರ್ತಿಯಾಗಿ ಇಳಿಸುವುದು ಅಯುಕ್ತ.

ಈ ನಾಲ್ಕನೆಯದು ಆಟಗಳಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಬಾಣದ ಗುರುತನ್ನು ಹಿಡಿದು ನಡೆದವನಿಗೆ ಗುರಿಯು ದೊರೆಯುವುದು, ದೇಶವು ದೊರೆಯುವುದಿಲ್ಲ. ಎಲ್ಲಿ ತಡೆಯಿದ್ದಿತು, ತಾನು ಏಕೆ ಹಿಂದಿರುಗಿದೆನು, ಯಾವುದರಿಂದ ದಾರಿಯು ತೆರೆಯಿತು ಎಂಬುದನ್ನು ತಾನೇ ನೆನೆದು ನಡೆದವನಿಗೆ ಮಾತ್ರ ಜೀಬಸ್ ಗ್ರಹದ ಓಣಿಗಳು ಸ್ವಂತ ಊರಿನ ಬೀದಿಗಳಂತೆ ಪರಿಚಿತವಾಗುವುವು. ನೆನಪಿಡುವ ಕೆಲಸವನ್ನೆಲ್ಲ ಯಂತ್ರಗಳಿಗೆ ಒಪ್ಪಿಸುತ್ತಿರುವ ಈ ಕಾಲದಲ್ಲಿ, ಯಂತ್ರದೊಳಗೇ ಹುಟ್ಟಿದ ಒಂದು ಕಲೆಯು ಆ ಕೆಲಸದ ಒಂದು ಪಾಲನ್ನು ಮನುಷ್ಯನಿಗೆ ಮರಳಿಸಿದುದೂ, ಆಟಗಾರರು ಅದನ್ನು ಹೊರೆಯೆಂದು ದೂರದೆ ಆನಂದವೆಂದು ಸ್ವೀಕರಿಸಿದುದೂ ವಿಚಾರಪರರು ಲಕ್ಷ್ಯವಿಡಬೇಕಾದ ಸಂಗತಿಗಳು. ೧೯೮೬ರಲ್ಲಿ ಎಡಕ್ಕೆ ತಿರುಗಿದ ಆ ಕೆಲವು ಹೆಜ್ಜೆಗಳಲ್ಲಿ ಅಡಗಿದ್ದ ತತ್ತ್ವವು ಇಷ್ಟೆ: ಮುಂದಣ ದಾರಿಯು ಹಲವು ವೇಳೆ ಹಿಂದೆಯೇ ಇರುವುದು, ಅದನ್ನು ಕಾಣುವುದಕ್ಕೆ ಕಣ್ಣಿನೊಡನೆ ನೆನಪೂ ಬೇಕು.